ಗಾಜಿನ ಟ್ಯೂಬು, ಇಪ್ಪತ್ತು ನಿಮಿಷ

ಮಂಡ್ಯ, ಮೈಸೂರು ಸೀಮೆಯ ಯಾವ ದೊಡ್ಡಾಸ್ಪತ್ರೆಗೇ ಹೋಗಿ, ಮಳೆಗಾಲದ ರಾತ್ರಿ ಕ್ಯಾಶುವಾಲಿಟಿಗೆ ಹಾವು ಕಚ್ಚಿಸಿಕೊಂಡವರು ಬರುತ್ತಲೇ ಇರುತ್ತಾರೆ. ಕತ್ತಲಲ್ಲಿ ಮೋಟರ್ ಆನ್ ಮಾಡಲು ಬದುವಿನ ಮೇಲೆ ನಡೆದವರು, ಗದ್ದೆಗೆ ನೀರು ಕಟ್ಟಲು ಹೋದವರು, ಕಬ್ಬಿನ ತರಗು ಎಳೆಯುತ್ತಿದ್ದವರು. ಜೊತೆಗೆ ಬಂದವರು ಕೆಲವೊಮ್ಮೆ ಸತ್ತ ಹಾವನ್ನೇ ಕವರಿನಲ್ಲಿ ಹಾಕಿಕೊಂಡು ಬಂದಿರುತ್ತಾರೆ. ಹಾವು ಯಾವುದೆಂಬ ಚರ್ಚೆ ಹೊರಗೆ ನಡೆಯಲಿ. ಒಳಗಿರುವ ಹೌಸ್‌ಸರ್ಜನ್‌ಗೆ ಮೊದಲು ಗೊತ್ತಾಗಬೇಕಾದ್ದು, ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿದೆಯೋ ಇಲ್ಲವೋ ಎಂಬುದು. ಅದಕ್ಕೆ ಲ್ಯಾಬ್ ಬೇಕಿಲ್ಲ. ಒಂದು ಗಾಜಿನ ಟ್ಯೂಬು, ಒಂದು ಗಡಿಯಾರ ಸಾಕು.

ರಕ್ತನಾಳದಿಂದ 2 ಮಿ.ಲೀ. ರಕ್ತ ತೆಗೆದು, ಒಣಗಿದ, ಶುಭ್ರವಾದ, ಚಿಕ್ಕ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಬೇಕು. ನೇರವಾಗಿ ನಿಲ್ಲಿಸಿ 20 ನಿಮಿಷ ಮುಟ್ಟಬಾರದು. ಆಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡಬೇಕು. ಹೆಪ್ಪು ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಸರಿ. ರಕ್ತ ನೀರಿನ ಹಾಗೆ ಹರಿದರೆ ವಿಷ ಏರಿದೆ, ಪ್ರತಿವಿಷ ಬೇಕು. ವೈದ್ಯಕೀಯದಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ ಅನಿಸುತ್ತದೆ. ಕೆಡುವುದೂ ಇಷ್ಟೇ ಸುಲಭ.

ಗಾಜಿನ ಟ್ಯೂಬು ಸಿಗಲಿಲ್ಲವೆಂದು ಪ್ಲಾಸ್ಟಿಕ್ ವಯಲ್‌ನಲ್ಲೋ ಸಿರಿಂಜಿನಲ್ಲೋ ಬಿಟ್ಟರೆ ಪರೀಕ್ಷೆ ನಂಬುವಂತಿಲ್ಲ. ರಕ್ತ ಹೆಪ್ಪುಗಟ್ಟುವ ಸರಣಿ ಶುರುವಾಗುವುದೇ ಗಾಜಿನ ಮೈ ತಾಗಿದಾಗ. ಪ್ಲಾಸ್ಟಿಕ್ಕಿಗೆ ಆ ಗುಣ ಕಡಿಮೆ. ಟ್ಯೂಬನ್ನು ಸೋಪಿನ ಪುಡಿ ಹಾಕಿ ತೊಳೆದಿದ್ದರೂ ಇದೇ ಕಥೆ. ಡಿಟರ್ಜೆಂಟಿನ ತೆಳು ಪದರ ಉಳಿದಿದ್ದರೆ ಆರೋಗ್ಯವಂತರ ರಕ್ತವೂ ನಿಧಾನವಾಗುತ್ತದೆ. ಒದ್ದೆ ಟ್ಯೂಬೂ ಬೇಡ. ಏಳನೇ ನಿಮಿಷಕ್ಕೊಮ್ಮೆ, ಹನ್ನೆರಡನೇ ನಿಮಿಷಕ್ಕೊಮ್ಮೆ ಎತ್ತಿ ಅಲ್ಲಾಡಿಸಿ ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ. ಅನುಮಾನವಿದ್ದರೆ ಪಕ್ಕದಲ್ಲೇ ನಿಂತಿರುವ ಆರೋಗ್ಯವಂತರೊಬ್ಬರ 2 ಮಿ.ಲೀ. ರಕ್ತವನ್ನು ಅಂಥದೇ ಇನ್ನೊಂದು ಟ್ಯೂಬಿಗೆ ಹಾಕಿ ಎರಡನ್ನೂ ಹೋಲಿಸಬೇಕು. ಆ ರಕ್ತವೂ ಹರಿದರೆ ತಪ್ಪು ಟ್ಯೂಬಿನದು, ಹಾವಿನದಲ್ಲ.

ಪ್ರತಿವಿಷ ಸಾಮಾನ್ಯವಾಗಿ 10 ವಯಲ್‌ನಿಂದ ಶುರು. ಅದಾದ ಮೇಲೆ ಟ್ಯೂಬನ್ನು ಮತ್ತೆ ನೋಡುವುದು 6 ಗಂಟೆ ಕಳೆದ ನಂತರ. ಆರೇ ಯಾಕೆ ಎಂದು ವಿದ್ಯಾರ್ಥಿಗಳು ಕೇಳುವುದು ಕಡಿಮೆ, ಕೇಳಿಸಬೇಕು. ಪ್ರತಿವಿಷ ಮಾಡುವುದು ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಹಿಡಿದುಹಾಕುವ ಕೆಲಸ ಮಾತ್ರ. ಖರ್ಚಾಗಿ ಹೋದ, ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜನ್ನನ್ನು ಮತ್ತೆ ತಯಾರಿಸಬೇಕಾದ್ದು ಯಕೃತ್ತು, ಅದಕ್ಕೆ ಅಷ್ಟು ಹೊತ್ತು ಬೇಕು. ಇದು ತಿಳಿಯದವರು ಒಂದು ಗಂಟೆಗೇ ಟ್ಯೂಬು ನೋಡಿ, ‘ಇನ್ನೂ ಕಟ್ಟಿಲ್ಲ’ ಎಂದು ಮತ್ತೆ 10 ವಯಲ್ ಏರಿಸುತ್ತಾರೆ. ಔಷಧಿಯೂ ದಂಡ, ಅಲರ್ಜಿಯ ಅಪಾಯವೂ ಹೆಚ್ಚು.

ಚಿಕಿತ್ಸೆ, ಪಾಠ, ಸಂಶೋಧನೆ ಮೂರೂ ಈ ಒಂದೇ ಟ್ಯೂಬಿನಲ್ಲಿವೆ. ಬೆಳಗ್ಗೆ ರೌಂಡ್ಸ್, ಮಧ್ಯಾಹ್ನ ಕ್ಲಾಸು, ಉಳಿದ ಸಮಯದಲ್ಲಿ ರಿಸರ್ಚು ಎಂದು ವೈದ್ಯ-ಅಧ್ಯಾಪಕರ ದಿನವನ್ನು ಮೂರು ಪಾಲು ಮಾಡುವ ರೂಢಿಯಿದೆ. ಆ ಲೆಕ್ಕದಲ್ಲಿ ರಿಸರ್ಚಿಗೆ ಎಂದೂ ಸಮಯ ಉಳಿಯುವುದಿಲ್ಲ, ಉಳಿದದ್ದೂ ಇಲ್ಲ. ಹಾಗೆ ಪಾಲು ಮಾಡಿದ್ದೇ ತಪ್ಪು. ಟ್ಯೂಬು ನಿಲ್ಲಿಸಿದ ಸಮಯ, ಓರೆ ಮಾಡಿದ ಸಮಯ, ಕಂಡದ್ದೇನು ಎಂಬ ಮೂರು ಸಂಗತಿಯನ್ನು ಕೇಸ್ ಶೀಟಿನಲ್ಲಿ ಬರೆಸುವ ಅಧ್ಯಾಪಕರು ಆ ಒಂದೇ ಕ್ಷಣದಲ್ಲಿ ಮೂರೂ ಕೆಲಸ ಮಾಡಿ ಮುಗಿಸಿರುತ್ತಾರೆ.

ಬರೆಸದಿದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಹೋಗಬೇಕು. ಪಿ.ಜಿ. ವಿದ್ಯಾರ್ಥಿಯೊಬ್ಬರಿಗೆ ಐದು ವರ್ಷದ ಹಾವು ಕಡಿತದ ಕೇಸುಗಳನ್ನು ಅಧ್ಯಯನ ಮಾಡುವ ವಿಷಯ ಸಿಕ್ಕಿದೆ ಎನ್ನಿ. ದಾರ ಕಟ್ಟಿದ ಫೈಲುಗಳನ್ನು ಒಂದೊಂದಾಗಿ ಬಿಚ್ಚಿದರೆ ‘ಕ್ಲಾಟಿಂಗ್ ಟೆಸ್ಟ್ ಪಾಸಿಟಿವ್’ ಎಂದಿರುತ್ತದೆ. ಪಾಸಿಟಿವ್ ಎಂದರೆ ರಕ್ತ ಕಟ್ಟಿತು ಎಂದೋ, ಕಟ್ಟಲಿಲ್ಲ ಎಂದೋ? ಬರೆದವರು ಕೋರ್ಸ್ ಮುಗಿಸಿ ಹೋಗಿಯಾಗಿದೆ. ಇನ್ನೊಂದರಲ್ಲಿ ‘ಪ್ರೊಲಾಂಗ್ಡ್’ ಎಂದಿದೆ, ಸಮಯ ಇಲ್ಲ. ಮೂರನೆಯದರಲ್ಲಿ ಕಚ್ಚಿದ ಹೊತ್ತೇ ಇಲ್ಲ, ಆಸ್ಪತ್ರೆಗೆ ಬಂದ ಹೊತ್ತು ಮಾತ್ರ ಇದೆ. ಕಚ್ಚಿದ ಎಷ್ಟು ಗಂಟೆಗೆ ಪ್ರತಿವಿಷ ಬಿತ್ತು ಎನ್ನುವುದೇ ಇಡೀ ಅಧ್ಯಯನದ ಜೀವ; ಅದೇ ಇಲ್ಲ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಕರ್ನಾಟಕ 2024ರಲ್ಲಿ ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಕೇಸ್ ಶೀಟಿನಲ್ಲಿ ಇಲ್ಲದ್ದು ವರದಿ ತುಂಬುವ ಪೋರ್ಟಲಿಗೆ ಎಲ್ಲಿಂದ ಬರಬೇಕು?

ಈ ಊರುಗಳಿಗೆ ವೈದ್ಯಶಿಕ್ಷಣ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಬೆಂಗಳೂರಿನಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಇರ್ವಿನ್ ರಸ್ತೆಯ ಕಾಲೇಜು, ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಕ್ಷಯರೋಗಿಗಳ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಎಲ್ಲ ಸೇರಿ ಒಂದೇ ದೊಡ್ಡ ತರಗತಿ. 1984ರಲ್ಲಿ ಜೆ.ಎಸ್.ಎಸ್., 2006ರಲ್ಲಿ ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜುಗಳು ಬಂದವು. ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರದ ಜನ ಮೊದಲು ಮೈಸೂರು, ಬೆಂಗಳೂರಿನ ದಾರಿ ಹಿಡಿಯುತ್ತಿದ್ದರು. ಈಗ ಜಿಲ್ಲಾ ಕೇಂದ್ರದ ಆಸ್ಪತ್ರೆಯೇ ಕಾಲೇಜೂ ಆಗಿದೆ.

ವೃತ್ತಿಯ ಮೆಟ್ಟಿಲುಗಳು ಲೆಕ್ಕ ಹಾಕಿದಂತಿವೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ 1 ವರ್ಷ, ಎಂ.ಡಿ. ಅಥವಾ ಎಂ.ಎಸ್. 3 ವರ್ಷ, ಸೀನಿಯರ್ ರೆಸಿಡೆಂಟ್ 1 ವರ್ಷ. ಅಲ್ಲಿಂದ ಅಸಿಸ್ಟೆಂಟ್ ಪ್ರೊಫೆಸರ್. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ 4 ವರ್ಷ ಕಳೆದು 2 ಲೇಖನ ಪ್ರಕಟವಾಗಿದ್ದರೆ ಅಸೋಸಿಯೇಟ್, ಮತ್ತೆ 3 ವರ್ಷ ಮತ್ತೆ 2 ಲೇಖನಕ್ಕೆ ಪ್ರೊಫೆಸರ್. ಪಾಠ ಹೇಳುವ ವಿಧಾನದ ಬಗ್ಗೆ ಒಂದು ತರಬೇತಿ, ಸಂಶೋಧನೆಯ ಬಗ್ಗೆ ಇನ್ನೊಂದು ಆನ್‌ಲೈನ್ ಕೋರ್ಸ್ ಕೂಡ ಆಗಿರಬೇಕು. ಎಲ್ಲಿಯೂ ಒಂದು ದಿನವೂ ತಡವಾಗದಿದ್ದರೆ ಹದಿನಾರೂವರೆ ವರ್ಷ. ತಡವಾಗದೆ ಬಂದವರು ಅಪರೂಪ.

ಲೇಖನವನ್ನು ಬಡ್ತಿಗೆ ಕಟ್ಟಿದ್ದರ ಫಲ ಎಲ್ಲರಿಗೂ ಗೊತ್ತು. ‘ಪೇಪರ್ ಆಯ್ತಾ ಸಾರ್?’ ಎಂಬುದು ಸ್ಟಾಫ್ ರೂಮಿನಲ್ಲಿ ‘ಕಾಫಿ ಆಯ್ತಾ?’ ಎನ್ನುವಷ್ಟೇ ಸಲೀಸಾಗಿದೆ. ಎರಡೇ ದಿನದಲ್ಲಿ ‘ಅಂಗೀಕೃತ, ಹಣ ಕಳಿಸಿ’ ಎಂದು ಮೇಲ್ ಕಳಿಸುವ ಪತ್ರಿಕೆಗಳು ಬದುಕಿರುವುದು ಇದರಿಂದಲೇ. ಲೇಖನವನ್ನು ಇಬ್ಬರು ತಜ್ಞರು ಓದಿ ಪ್ರಶ್ನೆ ಎತ್ತಿ ಹಿಂದಿರುಗಿಸಲು ತಿಂಗಳುಗಳು ಬೇಕು. ಎರಡು ದಿನದಲ್ಲಿ ಅದನ್ನು ಓದಿದವರೇ ಇಲ್ಲ ಎಂದು ತಿಳಿಯಬೇಕು. ಹೆಸರು ಸೇರಿಸುವ ವಿಚಾರವೂ ಹಾಗೇ. ಆಲೋಚನೆ ಅಥವಾ ದತ್ತಾಂಶದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಬರೆದದ್ದಕ್ಕೆಲ್ಲ ಉತ್ತರಿಸುವ ಹೊಣೆ. ಈ ನಾಲ್ಕೂ ಇದ್ದರೆ ಮಾತ್ರ ಲೇಖಕರು. ವಿಭಾಗದ ಮುಖ್ಯಸ್ಥರಾಗಿರುವುದು ಐದನೆಯ ಮಾನದಂಡವಲ್ಲ.

ಮಂಚದ ಪಕ್ಕದ ಪಾಠಕ್ಕೇ ಬರೋಣ. ಬುನಾದಿ ಇರುವುದು ಅಲ್ಲಿ. ಈ ಭಾಗದಲ್ಲಿ ಆ ಪಾಠ ಶುರುವಾಗಬೇಕಾದ್ದು ಕನ್ನಡದಿಂದ. ರೋಗಿ ಹೇಳುವುದು ಕನ್ನಡದಲ್ಲಿ, ಅದೂ ಮಂಡ್ಯದ ಕನ್ನಡದಲ್ಲಿ. ಕೇಸ್ ಶೀಟು ಇಂಗ್ಲಿಷಿನಲ್ಲಿ. ನಡುವೆ ಆಗುವ ಅನುವಾದದಲ್ಲಿ ರೋಗವೇ ಜಾರಿಹೋಗಬಹುದು.

‘ಸುಸ್ತು ಆಯ್ತದೆ ಸಾ’ ಎಂದು ಅರವತ್ತು ದಾಟಿದ ರೈತರೊಬ್ಬರು ಹೇಳುತ್ತಾರೆ. ವಿದ್ಯಾರ್ಥಿ ನಿಶ್ಶಕ್ತಿ ಎಂದು ಬರೆದುಕೊಳ್ಳುತ್ತಾನೆ. ಅಧ್ಯಾಪಕರು ಪೆನ್ನು ತಡೆದು ಮುಂದಿನ ಪ್ರಶ್ನೆ ಕೇಳಿಸುತ್ತಾರೆ: ‘ಯಜಮಾನ್ರೇ, ಮೊದ್ಲು ಗದ್ದೆವರೆಗೂ ಒಂದೇ ಸಮ ನಡೀತಿದ್ರಾ? ಈಗ?’ ಉತ್ತರ ಬರುತ್ತದೆ: ‘ಈಗ ಗದ್ದೆ ತಕ್ಕೆ ಹೋಗೋವಷ್ಟ್ರಲ್ಲಿ ಎರಡ್ ಕಿತ ಕುಂತ್ಕತೀನಿ ಸಾ, ಉಸ್ರು ಹಿಡ್ಕತದೆ. ರಾತ್ರಿ ಎರಡು ದಿಂಬು ಇಕ್ಕಂಡ್ ಮಲಗ್ತೀನಿ.’ ಅಲ್ಲಿಗೆ ಸುಸ್ತು ಎನ್ನುವುದು ಹೃದಯದ ವೈಫಲ್ಯದ ಕಡೆ ತಿರುಗಿತು. ಅದೇ ಮಾತನ್ನು ಇಪ್ಪತ್ತೈದರ ಹೆಣ್ಣುಮಗಳು ಹೇಳಿದರೆ ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು, ರಾತ್ರಿಯೆಲ್ಲ ಮಗು ಎಬ್ಬಿಸಿರಬಹುದು. ‘ಜೋಮು’ ಎಂದರೆ ಕೆಲವರಿಗೆ ಮರಗಟ್ಟಿದ್ದು, ಕೆಲವರಿಗೆ ಚುಚ್ಚಿದ್ದು, ಕೆಲವರಿಗೆ ಶಕ್ತಿ ಹೋದದ್ದು. ‘ಗ್ಯಾಸ್ಟ್ರಿಕ್ಕು ಸಾ’ ಎಂದು ಎದೆಯ ನಡುವೆ ಅಂಗೈ ಇಟ್ಟವರಿಗೆ ಮೊದಲು ಇ.ಸಿ.ಜಿ., ಆಮೇಲೆ ಮಿಕ್ಕ ಮಾತು.

ಕಾಲದ ಲೆಕ್ಕವೂ ಬೇರೆ. ‘ಎಷ್ಟು ದಿನದಿಂದ?’ ಎಂದು ಕೇಳಿದರೆ ‘ಸುಮಾರು ದಿನ್ದಿಂದ’ ಎಂಬ ಉತ್ತರವೇ ಖಚಿತ. ‘ಯುಗಾದಿಗೆ ಇತ್ತಾ? ಗೌರಿ ಹಬ್ಬಕ್ಕೆ ಮುಂಚೆಯಾ? ನಾಲೆಗೆ ನೀರು ಬಿಟ್ಟಾಗ ಗದ್ದೆ ಕೆಲಸ ಮಾಡ್ತಿದ್ರಾ?’ ಎಂದು ಕೇಳಿದರೆ ತಿಂಗಳು ತಾನಾಗಿಯೇ ಬೀಳುತ್ತದೆ. ಕೇಸ್ ಶೀಟಿನಲ್ಲಿ ‘ಕೆಲವು ತಿಂಗಳಿಂದ’ ಎಂದು ಬರೆದದ್ದನ್ನು ಮುಂದೆ ಯಾವ ಗಣಕವೂ ಕೂಡಿ ಕಳೆಯಲಾರದು. ‘ಯುಗಾದಿಯಿಂದ, ಅಂದರೆ 5 ತಿಂಗಳು’ ಎಂದು ಬರೆದದ್ದನ್ನು ಕೂಡಿಸಬಹುದು.

ಕುಡಿತದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ‘ಏನೋ ಒಂದ್ ಚೂರು ಸಾ, ದಿನಾ ಒಂದು ಕ್ವಾರ್ಟ್ರು.’ ಚೂರು ಎಂದು ಬರೆದರೆ ಮುಗಿಯಿತು. ಕ್ವಾರ್ಟರ್ ಎಂದರೆ 180 ಮಿ.ಲೀ. ಸೀಸೆಯ ಮೇಲೆ ಶೇ. 42.8 ಎಂದಿರುತ್ತದೆ. ಅಂದರೆ ಶುದ್ಧ ಆಲ್ಕೋಹಾಲ್ ಸುಮಾರು 77 ಮಿ.ಲೀ.; ಅದರ ಸಾಂದ್ರತೆ 0.789ರಿಂದ ಗುಣಿಸಿದರೆ ಸುಮಾರು 61 ಗ್ರಾಂ. 10 ಗ್ರಾಮಿಗೆ ಒಂದು ಡ್ರಿಂಕ್ ಎಂಬ ಅಳತೆಯಲ್ಲಿ ದಿನಕ್ಕೆ ಆರು. ಆ ‘ಒಂದ್ ಚೂರು’ ಯಕೃತ್ತಿನ ಕಾಯಿಲೆಗೆ ಧಾರಾಳವಾಗಿ ಸಾಕು. ಬೀಡಿ ಸೇದುವವರಿಗೆ ದಿನಕ್ಕೆಷ್ಟು ಪ್ಯಾಕ್ ಎಂಬುದನ್ನು ವರ್ಷಗಳಿಂದ ಗುಣಿಸುವ ಸಿಗರೇಟಿನ ‘ಪ್ಯಾಕ್-ವರ್ಷ’ ಲೆಕ್ಕ ಹೊಂದುವುದಿಲ್ಲ. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷ ಎಂದು ಕೇಳಿ ಗುಣಿಸುವುದೇ ಲೇಸು. ಊಟದ ಬಗ್ಗೆ ಕೇಳುವಾಗ ‘ಎರಡು ಮುದ್ದೆ’ ಎಂದರೆ ಯಾರ ಕೈಯ ಮುದ್ದೆ ಎಂದು ಕೇಳಬೇಕು. ಆಹಾರ ಸಮೀಕ್ಷೆ ಮಾಡುವವರು ಊರಿನ ನಾಲ್ಕಾರು ಮನೆಯ ಮುದ್ದೆಯನ್ನು ತಕ್ಕಡಿಗೆ ಹಾಕಿ ನೋಡದೆ ಹೊರಟರೆ ಕ್ಯಾಲೊರಿ ಲೆಕ್ಕವೆಲ್ಲ ಊಹೆ.

ಇನ್ನು ರಕ್ತದೊತ್ತಡ. ಎಲ್ಲರೂ ನೋಡುತ್ತಾರೆ, ಸರಿಯಾಗಿ ನೋಡುವವರು ಬೆರಳೆಣಿಕೆ. ರೋಗಿ 5 ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಹೃದಯದ ಮಟ್ಟದಲ್ಲಿ ಒರಗಿರಬೇಕು. ತೋಳು 10 ಸೆಂ.ಮೀ. ಕೆಳಗೆ ಜೋತುಬಿದ್ದಿದ್ದರೆ ಸುಮಾರು 8 ಅಂಕ ಸುಮ್ಮನೆ ಏರುತ್ತದೆ. ಕಫ್‌ನೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಹೆಚ್ಚು ತೋರಿಸುತ್ತದೆ ಎಂಬುದು ಪಠ್ಯದಲ್ಲಿದೆ. ನಮ್ಮ ಕೂಲಿಕಾರರ ತೆಳ್ಳಗಿನ ತೋಳಿಗೆ ಅದರ ಉಲ್ಟಾ ಸಮಸ್ಯೆ. ಸುತ್ತಳತೆ 22ರಿಂದ 26 ಸೆಂ.ಮೀ. ಇದ್ದರೆ ಚಿಕ್ಕ ಕಫ್ ಬೇಕು. ವಾರ್ಡಿನಲ್ಲಿರುವುದು ಒಂದೇ ಅಳತೆಯದು. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಅದು ನಿಲ್ಲುವ ಅಂಕ ತಿಳಿದುಕೊಂಡು, ಅದಕ್ಕಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2ರಂತೆ ಇಳಿಸಬೇಕು. ನಾಡಿ ನೋಡದೆ ನೇರವಾಗಿ ಸ್ಟೆತ್ ಇಟ್ಟವರು ನಡುವೆ ಸದ್ದು ಕಳೆದುಹೋಗುವ ಜಾಗದಲ್ಲಿ ಮೋಸಹೋಗಿ, 180 ಇದ್ದದ್ದನ್ನು 150 ಎಂದು ಬರೆದುಬಿಡಬಹುದು.

ಇದನ್ನು ಕಲಿಸಿದೆವೋ ಇಲ್ಲವೋ ಎಂದು ಪರೀಕ್ಷಿಸಲು ಪ್ರಶ್ನೆಪತ್ರಿಕೆ ಬೇಡ. ವಾರ್ಡಿನ ನೂರು ಕೇಸ್ ಶೀಟು ತೆಗೆದು ಮೇಲಿನ ಅಂಕದ ಕೊನೆಯ ಸ್ಥಾನ ಎಣಿಸಿದರೆ ಸಾಕು. ಮಾಪಕದ ಗೆರೆಗಳು ಎರಡೆರಡರ ಅಂತರದಲ್ಲಿವೆ. ಕೊನೆಗೆ 0, 2, 4, 6, 8 ಐದೂ ಹೆಚ್ಚುಕಡಿಮೆ ಸಮನಾಗಿ ಬರಬೇಕು, ಒಂದೊಂದು ಶೇ. 20ರಷ್ಟು. ಬಹುಪಾಲು ಕೇಸ್ ಶೀಟಿನಲ್ಲಿ ಬರೀ 120, 130, 140 ಕಂಡರೆ ಅಳೆದದ್ದಲ್ಲ, ಅಂದಾಜಿಸಿದ್ದು. ‘ಸ್ಟೇಬಲ್ ಪೇಷಂಟ್, 120/80’ ಎಂದು ಮಂಚದ ಹತ್ತಿರ ಹೋಗದೆ ಬರೆದದ್ದೂ ಅದರಲ್ಲಿ ಇರಬಹುದು. ಅದೇ ಯೂನಿಟ್ಟಿನಲ್ಲಿ ಅದೇ ಕೈಗಳು ಮುಂದಿನ ತಿಂಗಳು ರಕ್ತದೊತ್ತಡದ ಔಷಧಿಯೊಂದರ ಅಧ್ಯಯನಕ್ಕೆ ಅಂಕಿ ಕಲೆಹಾಕುತ್ತವೆ. 5 ಅಂಕದ ವ್ಯತ್ಯಾಸ ಹುಡುಕಲು ಹೊರಟವರ ಅಳತೆಯೇ 10ರ ಗುಂಡಂಕಿಗೆ ಅಂಟಿಕೊಂಡಿದ್ದರೆ ಏನು ಸಿಗುತ್ತದೆ?

ಪಿ.ಜಿ. ಥೀಸಿಸ್ಸಿನ ಕಥೆ ಇಲ್ಲಿಂದ ಮುಂದೆ ಅರ್ಥವಾಗುತ್ತದೆ. ಸೇರಿದ ಮೊದಲ ಕೆಲವೇ ತಿಂಗಳಲ್ಲಿ ಸಿನಾಪ್ಸಿಸ್, ಅಂದರೆ ಅಧ್ಯಯನದ ರೂಪುರೇಖೆ, ಕೊಡಬೇಕು. ವಾರ್ಡಿನ ದಾರಿಯೇ ಇನ್ನೂ ಪರಿಚಯವಾಗಿರುವುದಿಲ್ಲ. ಹಾಗಾಗಿ ಹಳೆಯ ಥೀಸಿಸ್ ಒಂದರ ವಿಷಯಕ್ಕೆ ಊರಿನ ಹೆಸರು ಬದಲಿಸಿ ಕೊಡುವ ಅಭ್ಯಾಸ ಬಂದಿದೆ. ಒಳ್ಳೆಯ ಗೈಡ್ ಮಾಡುವ ಕೆಲಸ ಬೇರೆ. ಮೊದಲ ತಿಂಗಳು ವಿದ್ಯಾರ್ಥಿಯ ಕೈಗೊಂದು ಪುಟ್ಟ ಪುಸ್ತಕ ಕೊಟ್ಟು, ರೌಂಡ್ಸಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಲು ಹೇಳುವುದು. ತಿಂಗಳ ಕೊನೆಗೆ ಅದರಲ್ಲಿ ಇಪ್ಪತ್ತೋ ಮೂವತ್ತೋ ಇರುತ್ತವೆ. ಅವುಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಪುಸ್ತಕದಲ್ಲೇ ಉತ್ತರ ಇರುತ್ತದೆ, ಎಷ್ಟೋ ಪ್ರಶ್ನೆಗಳಿಗೆ ಕೋಟಿಗಟ್ಟಲೆ ಹಣ ಬೇಕು. ಉಳಿದ ಒಂದೆರಡು ಈ ವಾರ್ಡಿನಲ್ಲಿ, ಈ ಮೂರು ವರ್ಷದಲ್ಲಿ, ಇರುವ ಉಪಕರಣದಲ್ಲೇ ಉತ್ತರ ಸಿಗುವಂಥವು. ಥೀಸಿಸ್ ಅದು.

ಎಷ್ಟು ರೋಗಿಗಳು ಬೇಕು ಎಂಬುದಕ್ಕೆ ‘ನೂರು ಸಾಕು ಬಿಡಿ’ ಎನ್ನುವುದು ಉತ್ತರವಲ್ಲ. ಒಂದು ತೊಂದರೆ ಸುಮಾರು ಶೇ. 20 ಜನರಲ್ಲಿದೆ ಎಂದು ಹಿಂದಿನ ಅಧ್ಯಯನಗಳಿಂದ ಗೊತ್ತು, ನಮ್ಮ ಲೆಕ್ಕ ಆಚೀಚೆ ಶೇ. 5ಕ್ಕಿಂತ ಹೆಚ್ಚು ತಪ್ಪಬಾರದು ಎನ್ನಿ. ರೂಢಿಯ ಸೂತ್ರದಂತೆ 4ನ್ನು 20ರಿಂದ, ಅದನ್ನು ಉಳಿದ 80ರಿಂದ ಗುಣಿಸಿ, 5ರ ವರ್ಗವಾದ 25ರಿಂದ ಭಾಗಿಸಿದರೆ 256. ಹತ್ತರಲ್ಲಿ ಒಬ್ಬರು ನಡುವೆ ಬಿಟ್ಟುಹೋಗುತ್ತಾರೆ ಎಂದಿಟ್ಟುಕೊಂಡರೆ 256ನ್ನು 0.9ರಿಂದ ಭಾಗಿಸಿ 285. ಇಲ್ಲಿ ಬಹಳ ಜನ 256ಕ್ಕೆ ಅದರ ಹತ್ತನೇ ಒಂದು ಭಾಗ ಕೂಡಿಸಿ 282 ಎಂದು ನಿಲ್ಲಿಸುತ್ತಾರೆ. 282ರಲ್ಲಿ ಹತ್ತನೇ ಒಂದು ಭಾಗ ಹೋದರೆ ಉಳಿಯುವುದು 254, ಬೇಕಾದ್ದು 256. ಸಣ್ಣ ತಪ್ಪು ನಿಜ. ಆದರೆ ವೈವಾದಲ್ಲಿ ಸಿಕ್ಕಿಬೀಳುವುದು ಇಂಥದರಲ್ಲೇ. ಇದಕ್ಕಿಂತ ಮುಖ್ಯವಾದದ್ದು, ವಿಭಾಗಕ್ಕೆ ತಿಂಗಳಿಗೆ ಅಂಥ ಎಷ್ಟು ರೋಗಿಗಳು ಬರುತ್ತಾರೆ ಎಂದು ರಿಜಿಸ್ಟರ್ ನೋಡುವುದು. ತಿಂಗಳಿಗೆ 8 ಬಂದರೆ ಒಂದೂವರೆ ವರ್ಷಕ್ಕೆ 144. 285 ಎಲ್ಲಿಂದ ತರುತ್ತೀರಿ? ಪ್ರಶ್ನೆಯನ್ನೇ ಬದಲಿಸಬೇಕು.

ರೋಗಿಗಳ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮುಂದೆ ಹೋಗುವುದನ್ನು ಹಲವರು ಸಹಿ ಹಾಕಿಸಿಕೊಳ್ಳುವ ಶಾಸ್ತ್ರ ಎಂದುಕೊಂಡಿದ್ದಾರೆ. 2019ರ ಔಷಧ ಪ್ರಯೋಗದ ನಿಯಮಗಳಂತೆ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು, ಅರ್ಧದಷ್ಟು ಸದಸ್ಯರು ಆ ಸಂಸ್ಥೆಯವರಾಗಿರಬಾರದು. ಕಾನೂನು ಬಲ್ಲವರೊಬ್ಬರು, ವೈದ್ಯಕೀಯದ ಗಂಧಗಾಳಿ ಇಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಸಮಿತಿಯಲ್ಲಿ ಅತಿ ಬೆಲೆಯ ಪ್ರಶ್ನೆ ಬರುವುದು ಆ ಸಾಮಾನ್ಯ ಸದಸ್ಯರಿಂದಲೇ: ‘ಈ ಒಪ್ಪಿಗೆ ಪತ್ರ ಯಾರಿಗೆ ಅರ್ಥವಾಗುತ್ತೆ?’

ನಿಜಕ್ಕೂ ಯಾರಿಗೂ ಆಗುವುದಿಲ್ಲ. ‘ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಪಾಲ್ಗೊಳ್ಳಲು ಸಮ್ಮತಿಸಿರುತ್ತೇನೆ’ ಎಂದು ಬರೆದ ಹಾಳೆ ಕೋರ್ಟಿಗೆ ಸರಿ, ಕೆ.ಆರ್. ಪೇಟೆಯಿಂದ ಬಂದ ಅಜ್ಜಿಗಲ್ಲ. ‘ನಿಮ್ಮ ತೋಳಿನಿಂದ ಒಂದು ಸಲ, ಒಂದು ಟೀ ಚಮಚದಷ್ಟು, ಅಂದರೆ 5 ಮಿ.ಲೀ. ರಕ್ತ ತೆಗೆಯುತ್ತೇವೆ. ಸ್ವಲ್ಪ ನೋವಾಗುತ್ತೆ, ಕಂದಿಹೋಗಬಹುದು. ಇದರಿಂದ ನಿಮಗೇ ಲಾಭ ಆಗದೆ ಇರಬಹುದು. ಬೇಡ ಅಂದರೂ ಇಲ್ಲಿನ ಚಿಕಿತ್ಸೆ ನಿಲ್ಲುವುದಿಲ್ಲ, ನಡುವೆ ಬಿಟ್ಟರೂ ಯಾರೂ ಬೈಯುವುದಿಲ್ಲ.’ ಇಷ್ಟು ಬರೆದರೆ ಸಾಕು. ಓದು ಬಾರದವರಿಗೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಸಾಕ್ಷಿಯ ಸಹಿ ಪಡೆಯಬೇಕು. ಅರ್ಥವಾಯಿತೇ ಎಂದು ಕೇಳಬಾರದು, ‘ಏನು ಮಾಡ್ತೀವಿ ಅಂತ ಹೇಳಿದ್ವಮ್ಮ?’ ಎಂದು ಕೇಳಬೇಕು. ಅರ್ಥವಾಯಿತೇ ಎಂದು ಡಾಕ್ಟರು ಕೇಳಿದರೆ ಹೂಂ ಎನ್ನದವರು ಯಾರಿದ್ದಾರೆ?

ಔಷಧಿ ಅಥವಾ ಚಿಕಿತ್ಸೆಯ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮೊದಲ ರೋಗಿ ಸೇರುವ ಮುಂಚೆಯೇ ದಾಖಲಾಗಬೇಕು. 2007ರಲ್ಲಿ ಶುರುವಾದ ಈ ನೋಂದಣಿ 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕದ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಹತ್ತು ರೋಗಿಗಳು ಸೇರಿದ ಮೇಲೆ ನೆನಪಾದರೆ ಬಾಗಿಲು ಮುಚ್ಚಿರುತ್ತದೆ. ಒಳ್ಳೆಯ ಪತ್ರಿಕೆಗಳು ನೋಂದಣಿ ಸಂಖ್ಯೆ ಇಲ್ಲದ ಪ್ರಯೋಗವನ್ನು ಓದುವುದೂ ಇಲ್ಲ.

ಎಕ್ಸೆಲ್ ಹಾಳೆಯಲ್ಲಿ ಕೆಡುವ ಬಗೆಗಳು ಹೇಳಿ ಮುಗಿಯುವಂಥವಲ್ಲ, ಒಂದನ್ನಾದರೂ ಹೇಳಬೇಕು. ಮಾಹಿತಿ ಸಿಗದ ಕಡೆ 999 ಎಂದು ತುಂಬುವ ಪದ್ಧತಿಯಿದೆ. ಅದನ್ನು ತಂತ್ರಾಂಶಕ್ಕೆ ತಿಳಿಸಲು ಮರೆಯುತ್ತಾರೆ. ನೂರು ಜನರಲ್ಲಿ 98 ಜನರ ಸರಾಸರಿ ರಕ್ತದೊತ್ತಡ 130 ಇದ್ದು, ಇಬ್ಬರದು 999 ಆಗಿದ್ದರೆ ಒಟ್ಟು ಸರಾಸರಿ 147ಕ್ಕೆ ಏರುತ್ತದೆ. ಇಡೀ ವಾರ್ಡಿಗೆ ಬಿ.ಪಿ. ಬಂದ ಹಾಗೆ. ವಯಸ್ಸಿನ ಜಾಗದಲ್ಲಿ ‘45 ವರ್ಷ’, ಹಿಮೋಗ್ಲೋಬಿನ್ನಿನ ಜಾಗದಲ್ಲಿ ‘9.8 ಗ್ರಾಂ’ ಎಂದು ಅಕ್ಷರ ಸೇರಿಸಿದರೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಲೆಕ್ಕದಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಐದು ರೋಗಿಗಳು ಆದ ಕೂಡಲೆ ಗೈಡ್ ಒಮ್ಮೆ ಹಾಳೆ ನೋಡಿದರೆ ಇಷ್ಟೂ ತಪ್ಪುತ್ತದೆ. ಸಾಮಾನ್ಯವಾಗಿ ನೋಡುವುದು 285 ಆದ ಮೇಲೆ, ಸಬ್‌ಮಿಷನ್ನಿಗೆ ಹದಿನೈದು ದಿನ ಇರುವಾಗ.

ಎಂ.ಬಿ.ಬಿ.ಎಸ್. ಓದುವಾಗಲೇ ಈ ರುಚಿ ಹತ್ತಿಸುವ ದಾರಿಯೊಂದಿದೆ. 1979ರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತ ಬಂದಿದೆ. ಎರಡು ತಿಂಗಳಲ್ಲಿ ಜಗತ್ತು ಬದಲಿಸುವ ಫಲಿತಾಂಶ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಒಂದು ಪ್ರಶ್ನೆ, ಒಂದು ಒಪ್ಪಿಗೆ ಪತ್ರ, ಐವತ್ತು ಮನೆಯ ಬಾಗಿಲು, ಒಂದು ವರದಿ. ಇದನ್ನು ಹತ್ತೊಂಬತ್ತನೇ ವಯಸ್ಸಿಗೆ ಮಾಡಿದವರಿಗೆ ಪಿ.ಜಿ.ಯಲ್ಲಿ ಸಿನಾಪ್ಸಿಸ್ ಎಂದರೆ ಜ್ವರ ಬರುವುದಿಲ್ಲ.

ದಾಖಲೆಯ ಬೆಲೆ ಏನೆಂದು ತಿಳಿಯಲು ಮೈಸೂರಿನವರು ದೂರ ಹೋಗಬೇಕಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಹುಟ್ಟುವಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗಕ್ಕೂ ನಂಟಿದೆ ಎಂಬ ಬ್ರಿಟನ್ನಿನ ಡೇವಿಡ್ ಬಾರ್ಕರ್ ಅವರ ವಾದವನ್ನು ಭಾರತದಲ್ಲಿ ಪರೀಕ್ಷಿಸಲು ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಇಲ್ಲಿನ ವೈದ್ಯರು ಸೇರಿ ಹೊರಟಾಗ ಬೇಕಾಗಿದ್ದದ್ದು ಇಂಥದೇ ದಾಖಲೆ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಬಾಳುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆ ಶೇ. 11, ಏಳು ಪೌಂಡ್ ಅಥವಾ ಹೆಚ್ಚಿದ್ದವರಿಗೆ ಶೇ. 3.

ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರಿಗೆ 30ನೇ ವಾರದ ಹೊತ್ತಿಗೆ 100 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡಿದರು, ಶೇ. 6.2 ಜನರಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಆ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಹೋದರು. ಗರ್ಭಿಣಿಯರಿಂದ ಆಗ ತೆಗೆದು ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ವರ್ಷಗಳ ಬಳಿಕ ನೋಡಿದಾಗ ಶೇ. 43 ಜನರಿಗೆ ಬಿ-12 ಜೀವಸತ್ವ ಕಡಿಮೆ, ಫೋಲೇಟ್ ಕಡಿಮೆ ಇದ್ದವರು ಬರೀ ಶೇ. 4. ಫೋಲಿಕ್ ಆ್ಯಸಿಡ್ ಗುಳಿಗೆ ಎಲ್ಲ ಬಸುರಿಯರಿಗೂ ಸಿಗುತ್ತದೆ, ಬಿ-12ರ ಮಾತೇ ಇರಲಿಲ್ಲ. ಲೇಬಲ್ ಸರಿಯಾಗಿ ಅಂಟಿಸಿ, ಫ್ರೀಜರಿನಲ್ಲಿ ಸರಿಯಾದ ಜಾಗದಲ್ಲಿ ಇಟ್ಟದ್ದರಿಂದ ಬಂದ ಉತ್ತರ ಇದು. ಮಾದರಿ ತೆಗೆದ ದಿನ ಆ ಪ್ರಶ್ನೆ ಯಾರ ತಲೆಯಲ್ಲಿತ್ತೋ ಇಲ್ಲವೋ.

ಇಂದು ಹೆರಿಗೆ ಕೋಣೆಯಲ್ಲಿ ತಕ್ಕಡಿ ಡಿಜಿಟಲ್ ಆಗಿದೆ, 10 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ಆದರೂ ಹೆರಿಗೆ ರಿಜಿಸ್ಟರುಗಳಲ್ಲಿ ಬೆರಳಾಡಿಸಿದರೆ 2.5 ಕೆ.ಜಿ., 3 ಕೆ.ಜಿ. ಸಾಲುಸಾಲಾಗಿ ಸಿಗುತ್ತವೆ. ರಕ್ತದೊತ್ತಡದ 120ರ ತಮ್ಮಂದಿರು ಇವು. 2.5 ಕೆ.ಜಿ.ಗಿಂತ ಕಡಿಮೆ ಎಂದರೆ ಕಡಿಮೆ ತೂಕದ ಮಗು, ಹೆಚ್ಚಿನ ಆರೈಕೆ, ಹೆಚ್ಚಿನ ಬರವಣಿಗೆ. ಹಾಗಾಗಿ ಆ ಗೆರೆಯ ಮೇಲೆಯೇ ಅಂಕಿಗಳು ರಾಶಿ ಬೀಳುತ್ತವೆ. ಹೊಸದಾಗಿ ಪೋಸ್ಟಿಂಗಿಗೆ ಬಂದ ಹೌಸ್‌ಸರ್ಜನ್ ಮಗುವನ್ನು ಸುತ್ತಿದ ಬಟ್ಟೆಯ ಸಮೇತ ತಕ್ಕಡಿಗೆ ಇಡುತ್ತಾಳೆ. ಬಟ್ಟೆ 150 ಗ್ರಾಂ ಇದ್ದರೆ, 2,380 ಗ್ರಾಂ ಮಗು 2,530 ಆಗಿ ಪಟ್ಟಿಯಿಂದಲೇ ಹೊರಗುಳಿಯುತ್ತದೆ. ಪಕ್ಕದಲ್ಲಿ ನಿಂತ ಹಿರಿಯ ಸಿಸ್ಟರ್ ಮಗುವನ್ನು ಎತ್ತಿ ಕೈಯಲ್ಲಿ ಹಿಡಿದು ಹೇಳಿಕೊಡುತ್ತಾರೆ: ‘ಬರೀ ಬಟ್ಟೆ ಇಡಿ ಡಾಕ್ಟ್ರೇ, ಸೊನ್ನೆ ಒತ್ತಿ. ಬಂತಾ ಸೊನ್ನೆ? ಈಗ ಮಗು ಇಡಿ. ಕೈ ತೆಗೀರಿ. ಅಂಕಿ ನಿಲ್ಲೋವರೆಗೂ ಕಾಯಿರಿ. ಈಗ ಬರ್ಕೊಳ್ಳಿ.’